ಕಡಿದಾಗ ಏನು ಉಳಿಯುತ್ತದೆ: ಅರಬ್ಬಿಯ ಕ-ತ-ಅ ಧಾತು ಮತ್ತು ಅದರ ನೆರೆಹೊರೆ
(ಉಪನ್ಯಾಸದ ಬರಹ ರೂಪ)

‘ನಾಳೆ ಖಂಡಿತ ಬರ್ತೀನಿ’ ಅನ್ನುವಾಗ ಏನನ್ನೋ ಕಡಿಯುತ್ತಿದ್ದೇವೆ ಅಂತ ಯಾರಿಗೂ ಅನ್ನಿಸುವುದಿಲ್ಲ. ಆದರೆ ಸಂಸ್ಕೃತದಲ್ಲಿ ಖಂಡಿತ ಎಂದರೆ ತುಂಡಾದದ್ದು. ಕನ್ನಡದಲ್ಲಿ ಅದು ನಿಶ್ಚಿತ ಎಂದಾಯಿತು. ಅದೂ ಸಾಲದೆ ಕಡಾಖಂಡಿತವೂ ಹುಟ್ಟಿತು. ಪುಸ್ತಕದ ಪರಿಚ್ಛೇದ, ಗಂಡಹೆಂಡಿರ ವಿಚ್ಛೇದನ, ಭಿನ್ನರಾಶಿಯ ಛೇದ, ಈ ಮೂರರಲ್ಲೂ ಇರುವುದು ‘ಛಿದ್’, ಅಂದರೆ ಕತ್ತರಿಸು. ಇಷ್ಟು ಗೊತ್ತಿದ್ದವರಿಗೆ ಇವತ್ತಿನ ವಿಷಯ ಪರಕೀಯ ಅಲ್ಲ. ಅರಬ್ಬಿಯಲ್ಲಿ ‘ಕತ್ಅನ್’ ಎಂದರೆ ಖಂಡಿತವಾಗಿ ಎಂದೇ ಅರ್ಥ. ‘ಖಂಡಿತ ಇಲ್ಲ’ ಎಂಬ ಕಡೆ ಅದರ ಬಳಕೆ ಹೆಚ್ಚು. ಇಸ್ಲಾಮಿ ನ್ಯಾಯಶಾಸ್ತ್ರದಲ್ಲಿ ‘ಕತ್ಈ’ ಎಂದರೆ ಎರಡನೆಯ ಅರ್ಥಕ್ಕೆ ಎಡೆಯೇ ಇಲ್ಲದ ಪ್ರಮಾಣ. ಅದರ ಎದುರು ಪದ ‘ಜನ್ನೀ’, ಊಹೆಗೆ ಜಾಗ ಇರುವುದು.

ಧಾತುವಿನಲ್ಲಿ ಮೂರು ವ್ಯಂಜನಗಳಿವೆ. ಮೊದಲನೆಯದು ಕಾಫ್, ನಾಲಿಗೆಯ ಬುಡ ಕಿರುನಾಲಿಗೆಗೆ ತಾಗಿ ಹೊರಡುವ ಕ. ಎರಡನೆಯದು ತಾ, ನಾಲಿಗೆಯ ಹಿಂಭಾಗ ಮೇಲೆತ್ತಿ ದಪ್ಪಗೆ ನುಡಿಯುವ ತ. ಮೂರನೆಯದು ಐನ್, ಗಂಟಲು ಬಿಗಿಹಿಡಿದು ನುಡಿಯುವ ವ್ಯಂಜನ. ಕನ್ನಡ ಲಿಪಿಯಲ್ಲಿ ಮೊದಲೆರಡು ಸಾಮಾನ್ಯ ಕ, ತಗಳೊಂದಿಗೆ ಬೆರೆತುಹೋಗುತ್ತವೆ. ಮೂರನೆಯದಕ್ಕೆ ಅಕ್ಷರವೇ ಇಲ್ಲ. ಈ ಬರಹದಲ್ಲಿ ಐನ್ ಇರುವ ಕಡೆ ಪದದ ನಡುವೆ ಅಥವಾ ಕೊನೆಯಲ್ಲಿ ಬಿಡಿ ‘ಅ’ ಬರೆದಿದ್ದೇನೆ. ಅದಕ್ಕೆ ಇಕಾರ ಸೇರಿದರೆ ಬಿಡಿ ‘ಇ’ ಅಥವಾ ‘ಈ’. ಓದುವಾಗ ಅಲ್ಲಿ ಗಂಟಲು ಒಂದು ಕ್ಷಣ ಹಿಡಿಯಬೇಕು.

ಇದು ಬರೀ ಉಚ್ಚಾರದ ಶುದ್ಧಿಯ ಪ್ರಶ್ನೆಯಲ್ಲ. ಐನ್ ಬಿಟ್ಟರೆ ಧಾತುವೇ ಕೈತಪ್ಪುತ್ತದೆ. ಮಕ್ತಬ್ ಮತ್ತು ಮಕ್ತಾ ಕನ್ನಡದಲ್ಲಿ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಮಕ್ತಬ್ ಎಂದರೆ ಓದುಬರಹ ಕಲಿಸುವ ಜಾಗ. ಅದರ ಧಾತು ಕಿತಾಬಿನ ಕ-ತ-ಬ, ಬರೆಯುವುದು. ಅಲ್ಲಿಯ ಕ ನಮ್ಮ ಕ, ತ ನಮ್ಮ ತ. ಮಕ್ತಾ ಎಂದರೆ ಗಜಲಿನ ಕೊನೆಯ ದ್ವಿಪದಿ. ಅದರ ಕ ಕಾಫ್, ತ ದಪ್ಪ ತ, ಕೊನೆಯ ಐನ್ ಬಿದ್ದುಹೋಗಿ ದೀರ್ಘವಾಗಿದೆ. ಕತ್ಲ್ (ಕೊಲೆ) ಬೇರೆ ಧಾತು, ಖತಂ ಬೇರೆ ಧಾತು. ಅರಬ್ಬಿಯಲ್ಲಿ ರೈಲಿಗೆ ‘ಕಿತಾರ್’, ವಲಯಕ್ಕೆ ‘ಕಿತಾಅ’, ಇವೆರಡೂ ಒಂದಕ್ಕೊಂದು ಸಂಬಂಧಿಕರಲ್ಲ; ಕಿತಾಅ ಮಾತ್ರ ನಮ್ಮ ಧಾತುವಿನದು. ಇನ್ನು ನಮ್ಮ ಕತ್ತರಿ, ಕತ್ತರಿಸು ಸಂಸ್ಕೃತದ ‘ಕರ್ತರೀ’ಯಿಂದ ಬಂದವು. ಕತಅ, ಕತ್ತರಿ, ಇಂಗ್ಲಿಷಿನ ಕಟ್ ಮೂರನ್ನೂ ಒಂದೇ ಬಳ್ಳಿಗೆ ಕಟ್ಟುವ ಮಾತು ಆಗಾಗ ಕೇಳಿಬರುತ್ತದೆ. ಧ್ವನಿ ಹೋಲುತ್ತದೆ ಅನ್ನುವುದನ್ನು ಬಿಟ್ಟರೆ ಅದಕ್ಕೆ ಆಧಾರವಿಲ್ಲ.

ಹತ್ತನೆಯ ಶತಮಾನದ ನಿಘಂಟುಕಾರ ಇಬ್ನ್ ಫಾರಿಸ್ ಒಂದೊಂದು ಧಾತುವಿಗೂ ತಿರುಳಿನ ಅರ್ಥ ಎಷ್ಟು ಎಂದು ಲೆಕ್ಕ ಹಾಕಿದವನು. ಕೆಲವಕ್ಕೆ ಎರಡು, ಕೆಲವಕ್ಕೆ ಐದು ಕೊಡುತ್ತಾನೆ. ಕ-ತ-ಅಗೆ ಕೊಟ್ಟದ್ದು ಒಂದೇ: ಕಡಿಯುವುದು, ಒಂದರಿಂದ ಇನ್ನೊಂದನ್ನು ಬೇರೆ ಮಾಡುವುದು. ಹಾಗಾದರೆ ಬಹಿಷ್ಕಾರ, ಬಿಡಿಭಾಗ, ಜಾಗೀರು, ದನದ ಹಿಂಡು, ಗಜಲಿನ ಕೊನೆಯ ದ್ವಿಪದಿ, ನಾಲ್ಕು ರಸ್ತೆ ಕೂಡುವ ಜಾಗ, ಇವೆಲ್ಲ ಒಂದೇ ಧಾತುವಿನಿಂದ ಹೇಗೆ ಹೊರಟವು? ಧಾತು ಕೊಡುವುದು ಹಿಟ್ಟು ಮಾತ್ರ. ಶಾವಿಗೆಯೋ ಚಕ್ಕುಲಿಯೋ ಅನ್ನುವುದನ್ನು ತೀರ್ಮಾನಿಸುವುದು ಅಚ್ಚು. ಅರಬ್ಬಿ ವೈಯಾಕರಣರು ಈ ಅಚ್ಚಿಗೆ ‘ವಜ್ನ್’ ಎನ್ನುತ್ತಾರೆ. ಕಡಿಯುವವನು, ಕತ್ತಿ, ಕಡಿದ ಗೆರೆ, ಕೈಗೆ ಬಂದ ತುಂಡು, ಹಿಂದೆ ಉಳಿದ ಮೋಟು, ಇವುಗಳಲ್ಲಿ ನಾವು ಯಾವುದನ್ನು ನೋಡಬೇಕು ಎಂದು ಅಚ್ಚು ಹೇಳುತ್ತದೆ.

ಕ್ರಿಯಾಪದದ ಅಚ್ಚುಗಳಿಂದ ಶುರುಮಾಡೋಣ. ಮೊದಲನೆಯದು ಸಾದಾ ‘ಕತಅ’: ಕಡಿದನು. ಕನ್ನಡದಲ್ಲಿ ವಸ್ತುವಿಗೆ ತಕ್ಕ ಕ್ರಿಯೆ ಬೇಕು. ತರಕಾರಿ ಹೆಚ್ಚುತ್ತೇವೆ, ಪೈರು ಕೊಯ್ಯುತ್ತೇವೆ, ಮರ ಕಡಿಯುತ್ತೇವೆ, ಬಟ್ಟೆ ಕತ್ತರಿಸುತ್ತೇವೆ, ಸೌದೆ ಸೀಳುತ್ತೇವೆ. ಅರಬ್ಬಿಯಲ್ಲೂ ಪೈರಿಗೆ, ಕುರಿಯ ಉಣ್ಣೆಗೆ, ಗರಗಸಕ್ಕೆ ಬೇರೆ ಬೇರೆ ಕ್ರಿಯೆಗಳಿವೆ. ಕತಅ ಮಾತ್ರ ಎಲ್ಲ ಕಡೆ ಕಾಲಿಡುತ್ತದೆ. ದಾರಿ ‘ಕಡಿದ’ ಎಂದರೆ ಅಷ್ಟು ದೂರ ಕ್ರಮಿಸಿದ. ಟಿಕೆಟ್ ‘ಕಡಿದ’ ಎಂದರೆ ಟಿಕೆಟ್ ತೆಗೆಸಿದ. ಮಾತು ‘ಕಡಿದುಕೊಟ್ಟ’ ಎಂದರೆ ವಚನ ಕೊಟ್ಟ. ‘ಕಾತಿಅ ತರೀಕ್’, ದಾರಿ ಕಡಿಯುವವನು, ಅಂದರೆ ದಾರಿಗಳ್ಳ. ಇಲ್ಲೊಂದು ಎಡವಟ್ಟು ಕಾದಿದೆ. ದಾರಿ ಕಡಿದ ಎಂಬ ವಾಕ್ಯ ಪ್ರಯಾಣಿಕನಿಗೂ ಹೊಂದುತ್ತದೆ, ದರೋಡೆಕೋರನಿಗೂ ಹೊಂದುತ್ತದೆ. ದೂರವೋ ಮೈಲಿಯೋ ಕರ್ಮಪದವಾಗಿದ್ದರೆ ಪ್ರಯಾಣ. ‘ದಾರಿ’ಯೇ ಕರ್ಮಪದವಾಗಿ ‘ಅವರ ಮೇಲೆ’ ಎಂಬ ಅಲಾ ಜೊತೆಗೆ ಬಂದರೆ ಅಡ್ಡಗಟ್ಟಿದ್ದು.

ಎರಡನೆಯ ಅಚ್ಚಿನಲ್ಲಿ ನಡುವಿನ ವ್ಯಂಜನ ಇಮ್ಮಡಿಯಾಗುತ್ತದೆ: ‘ಕತ್ತಅ’. ಒಂದೇ ಏಟಲ್ಲ, ಮತ್ತೆ ಮತ್ತೆ, ಚೂರುಚೂರಾಗಿ. ಕುರ್‌ಆನಿನ ಯೂಸುಫ್ ಅಧ್ಯಾಯದ 31ನೆಯ ವಾಕ್ಯದಲ್ಲಿ ಹೆಂಗಸರು ಕೈಯಲ್ಲಿ ಚಾಕು ಹಿಡಿದು ಕೂತಿರುವಾಗ ಯೂಸುಫ್ ಎದುರು ಬರುತ್ತಾನೆ. ನೋಡುತ್ತ ಮೈಮರೆತವರು ತಮ್ಮ ಕೈಗಳನ್ನೇ ಕೊಯ್ದುಕೊಳ್ಳುತ್ತಾರೆ. ಅಲ್ಲಿ ಬಂದಿರುವುದು ಈ ಇಮ್ಮಡಿ ರೂಪ. ಕೈ ತುಂಡಾಯಿತು ಎಂದು ಅನುವಾದಿಸಿದರೆ ತಪ್ಪಾಗುತ್ತದೆ. ಹಲವರು, ಹಲವು ಕಡೆ, ಹಲವು ಗಾಯ, ಇಷ್ಟನ್ನು ಆ ದ್ವಿತ್ವ ಹೊತ್ತಿದೆ. ಇದೇ ಅಚ್ಚಿನ ಕರ್ಮವಾಚಕ ‘ಮುಕತ್ತಅ’. ಕುರ್‌ಆನಿನ 29 ಅಧ್ಯಾಯಗಳ ಮೊದಲಿಗೆ ಅಲಿಫ್, ಲಾಮ್, ಮೀಮ್ ಎಂದು ಬಿಡಿಬಿಡಿಯಾಗಿ ಓದುವ ಅಕ್ಷರಗಳಿವೆಯಲ್ಲ, ಅವುಗಳ ಹೆಸರು ಹುರೂಫ್ ಮುಕತ್ತಅ, ಕಡಿದಿಟ್ಟ ಅಕ್ಷರಗಳು. ಒಟ್ಟು 14 ಅಕ್ಷರಗಳು ಹೀಗೆ ಬರುತ್ತವೆ.

ಮೂರನೆಯ ಅಚ್ಚು ‘ಕಾತಅ’. ಇದರಲ್ಲಿ ಎದುರಿಗೆ ಇನ್ನೊಬ್ಬ ಬೇಕು. ಮಾತಿನ ನಡುವೆ ಬಾಯಿ ಹಾಕುವುದೂ ಇದೇ, ಒಬ್ಬನೊಂದಿಗೆ ವ್ಯವಹಾರ ನಿಲ್ಲಿಸುವುದೂ ಇದೇ. ಭಾವನಾಮ ‘ಮುಕಾತಅ’ ಎಂದರೆ ಇಂದಿನ ಪತ್ರಿಕೆಗಳಲ್ಲಿ ಬಹಿಷ್ಕಾರ. ಆದರೆ ಆಟಮನ್ ಆಡಳಿತದಲ್ಲಿ ಮುಕಾತಅ ಎಂದರೆ ತೆರಿಗೆ ಎತ್ತುವ ಹಕ್ಕನ್ನು ಇಷ್ಟು ಮೊತ್ತ ಎಂದು ಕತ್ತರಿಸಿ ವಹಿಸಿಕೊಟ್ಟ ಘಟಕ. ಆಡಳಿತದ ವಿಭಾಗ ಎಂಬ ಅರ್ಥವೂ ಅದಕ್ಕಿದೆ. ರಾಮಲ್ಲಾದಲ್ಲಿ ಪ್ಯಾಲೆಸ್ತೀನ್ ಅಧ್ಯಕ್ಷರ ಕಚೇರಿ ಇರುವ ಆವರಣದ ಹೆಸರು ಅಲ್-ಮುಕಾತಅ. ಸುದ್ದಿ ಅನುವಾದಿಸುವವರು ಅದನ್ನು ಬಹಿಷ್ಕಾರಕ್ಕೆ ಗಂಟು ಹಾಕಬಾರದು.

ನಾಲ್ಕನೆಯ ಅಚ್ಚು ಚರಿತ್ರೆ ಓದುವ ನಮಗೆಲ್ಲ ಪರಿಚಿತ. ‘ಅಕ್ತಅ’: ಇನ್ನೊಬ್ಬನಿಗೆ ಕಡಿದುಕೊಟ್ಟ. ಏನನ್ನು? ನೆಲವನ್ನು, ಇಲ್ಲವೇ ಅದರ ಕಂದಾಯವನ್ನು. ಭಾವನಾಮ ‘ಇಕ್ತಾಅ’, ನಮ್ಮ ಪಠ್ಯಪುಸ್ತಕಗಳಲ್ಲಿ ದೆಹಲಿ ಸುಲ್ತಾನರ ‘ಇಕ್ತಾ’ ಪದ್ಧತಿ. ಇಕ್ತಾ ಹಿಡಿದವನನ್ನು ಆ ಪುಸ್ತಕಗಳು ‘ಮುಕ್ತಿ’ ಎನ್ನುತ್ತವೆ. ಮೊದಲ ಸಲ ಓದುವ ಕನ್ನಡ ವಿದ್ಯಾರ್ಥಿಗೆ ಮೋಕ್ಷದ ನೆನಪಾದರೆ ಅವನ ತಪ್ಪಿಲ್ಲ. ವ್ಯಾಕರಣದ ಪ್ರಕಾರ ‘ಮುಕ್ತಿಅ’ ಎಂದರೆ ಕೊಟ್ಟವನು, ‘ಮುಕ್ತಅ’ ಎಂದರೆ ಪಡೆದವನು. ಎರಡಕ್ಕೂ ವ್ಯತ್ಯಾಸ ಒಂದು ಹ್ರಸ್ವ ಸ್ವರ, ಮತ್ತು ಆ ಸ್ವರವನ್ನು ಹಸ್ತಪ್ರತಿಗಳಲ್ಲಿ ಸಾಮಾನ್ಯವಾಗಿ ಬರೆಯುವುದಿಲ್ಲ. ಆದ್ದರಿಂದ ಇಕ್ತಾದಾರನನ್ನು ಮುಕ್ತಿ ಎಂದು ಓದಿದಾಗ ಪಡೆದವನು ಕೊಟ್ಟವನಾಗಿಬಿಟ್ಟ. ನನ್ನ ಕೇಳಿದರೆ ಕನ್ನಡದಲ್ಲಿ ‘ಮುಕ್ತಾ’ ಎಂದೋ ಸರಳವಾಗಿ ‘ಇಕ್ತಾದಾರ’ ಎಂದೋ ಬರೆಯುವುದು ಮೇಲು.

ಇಕ್ತಾಅ ಎಷ್ಟು ಹಳೆಯ ವ್ಯವಹಾರ ಅನ್ನುವುದಕ್ಕೆ ಹದೀಸ್ (ಪ್ರವಾದಿಯ ನಡೆನುಡಿಯ ವರದಿ) ಸಂಗ್ರಹಗಳಲ್ಲಿ ಒಂದು ಪ್ರಸಂಗವಿದೆ. ಯೆಮನ್ನಿನ ಅಬ್ಯದ್ ಬಿನ್ ಹಮ್ಮಾಲ್ ಪ್ರವಾದಿಯ ಬಳಿ ಬಂದು ಮಾರಿಬಿನ ಉಪ್ಪಿನ ಜಾಗವನ್ನು ತನಗೆ ಬಿಟ್ಟುಕೊಡಬೇಕೆಂದು ಕೇಳುತ್ತಾನೆ. ‘ಕಡಿದುಕೊಡು ಎಂದು ಕೇಳುವುದು’ ಹತ್ತನೆಯ ಅಚ್ಚು: ‘ಇಸ್ತಕ್ತಅ’. ಕೊಟ್ಟಾಗುತ್ತದೆ. ಆತ ಹೊರಟ ಮೇಲೆ ಅಲ್ಲಿದ್ದ ಒಬ್ಬರು, ಅವನಿಗೆ ಕೊಟ್ಟದ್ದು ಬತ್ತದ ನೀರಿನಂಥದ್ದು ಎಂದು ತಿಳಿಸುತ್ತಾರೆ. ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲಾಗುತ್ತದೆ. ಶ್ರಮವಿಲ್ಲದೆ ಎಲ್ಲರಿಗೂ ಸಿಗುವ ಸಂಪತ್ತನ್ನು ಒಬ್ಬನಿಗೆ ಕಡಿದುಕೊಡುವಂತಿಲ್ಲ ಎಂಬ ನಿಯಮಕ್ಕೆ ನ್ಯಾಯಶಾಸ್ತ್ರಜ್ಞರು ಇದನ್ನೇ ಆಧಾರವಾಗಿ ಎತ್ತುತ್ತಾರೆ. ಮುಂದೆ 762ರಲ್ಲಿ ಅಲ್-ಮನ್ಸೂರ್ ಬಾಗ್ದಾದ್ ಕಟ್ಟಿಸಿದಾಗ ಆಪ್ತರಿಗೂ ಅಧಿಕಾರಿಗಳಿಗೂ ಹಂಚಿದ ನಿವೇಶನಗಳಿಗೆ ‘ಕತೀಅತ್’ ಎಂದೇ ಹೆಸರು. ಕತೀಅತ್ ಅರ್-ರಬೀಅ ಎಂಬ ಬಡಾವಣೆ ಹಾಗೆ ಹುಟ್ಟಿದ್ದು.

ಉಳಿದ ಅಚ್ಚುಗಳನ್ನು ಬೇಗ ದಾಟೋಣ. ಐದನೆಯದು ‘ತಕತ್ತಅ’, ತಾನೇ ಚೂರಾಗುವುದು. ಬಿಟ್ಟುಬಿಟ್ಟು ಬರುವ ಮಳೆ, ಜ್ವರ, ಸಂಕೇತ ಎಲ್ಲ ‘ಮುತಕತ್ತಿಅ’. ಆರನೆಯದು ‘ತಕಾತಅ’, ಎರಡು ಒಂದನ್ನೊಂದು ಕಡಿಯುವುದು. ಅದರಿಂದ ‘ತಕಾತುಅ’, ರಸ್ತೆಗಳು ಕೂಡುವ ಜಾಗ. ಪತ್ರಿಕೆಯ ಪದಬಂಧಕ್ಕೂ ‘ಪರಸ್ಪರ ಕಡಿಯುವ ಪದಗಳು’ ಎಂದೇ ಹೆಸರು. ಏಳನೆಯದು ‘ಇನ್ಕತಅ’, ಕಡಿದುಹೋಯಿತು, ಅಂದರೆ ಕಡಿದವರು ಯಾರೆಂದು ಹೇಳುವ ಗೊಡವೆಯಿಲ್ಲ. ಕರೆಂಟ್ ಹೋಯಿತು ಎನ್ನುವುದಕ್ಕೆ ಹೇಳಿ ಮಾಡಿಸಿದ ಅಚ್ಚು. ಆದರೆ ಇದರ ಮುಂದೆ ‘ಲಿ’ ಬಂದರೆ ಅರ್ಥ ತಿರುಗಿ ನಿಲ್ಲುತ್ತದೆ: ‘ವಿದ್ಯೆಗಾಗಿ ಕಡಿದುಹೋದ’ ಎಂದರೆ ಮಿಕ್ಕೆಲ್ಲ ಬಿಟ್ಟು ವಿದ್ಯೆಗೇ ಮುಡಿಪಾದ. ಎಂಟನೆಯದು ‘ಇಕ್ತತಅ’, ತನಗಾಗಿ ಒಂದು ಪಾಲು ಕಡಿದುಕೊಳ್ಳುವುದು. ಕೊಲ್ಲಿ ದೇಶಗಳಲ್ಲಿ ಸಂಬಳದ ಚೀಟಿ ನೋಡಿದವರಿಗೆ ಅದರ ಭಾವನಾಮ ಗೊತ್ತಿರಬಹುದು: ‘ಇಕ್ತಿತಾಅ’, ಕಡಿತ. ಇದೊಂದರಲ್ಲಿ ಕನ್ನಡವೂ ಅರಬ್ಬಿಯೂ ಪದಕ್ಕೆ ಪದ ಕೂಡುತ್ತವೆ.

ಹದೀಸ್ ಶಾಸ್ತ್ರದಲ್ಲಿ ಒಂದನೆಯ ಮತ್ತು ಏಳನೆಯ ಅಚ್ಚುಗಳ ನಡುವೆ ಒಂದು ಹೆಸರಾಂತ ಗೊಂದಲವಿದೆ. ‘ಮಕ್ತೂಅ’ ಎಂದರೆ ಪ್ರವಾದಿಯ ಸಂಗಾತಿಗಳ ನಂತರದ ಪೀಳಿಗೆಯಲ್ಲಿ ನಿಂತುಹೋಗುವ ಹೇಳಿಕೆ. ‘ಮುನ್ಕತಿಅ’ ಎಂದರೆ ಹೇಳಿದವರ ಸರಪಳಿಯಲ್ಲಿ ನಡುವಿನ ಕೊಂಡಿ ಕಳಚಿದ್ದು. ಮೊದಲನೆಯದು ಮಾತು ಯಾರದು ಎಂಬುದಕ್ಕೆ ಸಂಬಂಧಿಸಿದ್ದು, ಎರಡನೆಯದು ಸರಪಳಿ ಗಟ್ಟಿಯಿದೆಯೇ ಎಂಬುದಕ್ಕೆ. ಪಾರಿಭಾಷಿಕ ಪದಗಳು ಗಟ್ಟಿಯಾಗುವ ಮೊದಲು ಇಮಾಮ್ ಶಾಫಿಈ ಅಂಥವರೇ ಮುನ್ಕತಿಅ ಎನ್ನಬೇಕಾದಲ್ಲಿ ಮಕ್ತೂಅ ಎಂದಿದ್ದಾರೆ. ಹಳೆಯ ಗ್ರಂಥ ಓದುವಾಗ ಯಾರ ಪರಿಭಾಷೆ ಎಂದು ನೋಡಿಕೊಂಡೇ ಮುಂದೆ ಹೋಗಬೇಕು.

ಈಗ ನಿಘಂಟು ತೆರೆಯುವ ಕೆಲಸ. ‘ವಬಿನ್ಕಿತಾಇಹಾ’ ಎಂಬ ಪದ ಎದುರಾಯಿತು ಎನ್ನಿ. ಮೊದಲು ಮುಂದೆ ಅಂಟಿರುವ ಅವ್ಯಯಗಳನ್ನು ಬಿಡಿಸಬೇಕು: ವ (ಮತ್ತು), ಬಿ (ಇಂದ). ಆಮೇಲೆ ಹಿಂದಿನ ಸರ್ವನಾಮ: ಹಾ (ಅವಳ, ಅದರ). ಉಳಿದದ್ದು ‘ಇನ್ಕಿತಾಅ’. ಈಗ ಹೆಚ್ಚುವರಿ ಅಕ್ಷರಗಳನ್ನು ತೆಗೆಯಬೇಕು. ಅರಬ್ಬಿಯಲ್ಲಿ ಧಾತುವಿಗೆ ಸೇರಿಕೊಳ್ಳಬಲ್ಲ ಅಕ್ಷರಗಳು ಹತ್ತೇ. ಅವೆಲ್ಲವನ್ನೂ ಪೋಣಿಸಿ ‘ಸಅಲ್ತುಮೂನೀಹಾ’ (ನೀವು ನನ್ನನ್ನು ಅದನ್ನು ಕೇಳಿದಿರಿ) ಎಂದು ಮಾಡಿರುವ ಬಾಯಿಪಾಠ ಇದೆ; ಅದರಲ್ಲಿ ಬರುವ ಬಿಡಿ ಅ ಮಾತ್ರ ಐನ್ ಅಲ್ಲ, ಹಮ್ಜಾ, ಗಂಟಲಲ್ಲಿ ಉಸಿರನ್ನು ತಟ್ಟನೆ ತಡೆದು ಬಿಡುವ ವ್ಯಂಜನ. ಸ, ಹಮ್ಜಾ, ಲ, ತ, ಮ, ವ, ನ, ಯ, ಹ, ಅಲಿಫ್. ಈ ಹತ್ತರ ಹೊರಗಿನ ಅಕ್ಷರ ಕಂಡರೆ ಅದು ಧಾತುವಿನದೇ. ಕಾಫ್, ದಪ್ಪ ತ, ಐನ್ ಮೂರೂ ಹೊರಗಿನವು, ಆದ್ದರಿಂದ ಈ ಧಾತು ಕಲಿಯುವವರಿಗೆ ಬಹಳ ಸುಲಭ: ಮಿಕ್ಕದ್ದನ್ನೆಲ್ಲ ಒರೆಸಿಹಾಕಿ. ಎಡವುವುದು ಎರಡು ಕಡೆ. ಅವ್ಯಯಗಳನ್ನು ಮೊದಲು ಬಿಡಿಸದೆ ಹೋದರೆ ‘ಬಿ’ಯ ಬ ಹತ್ತರಲ್ಲಿಲ್ಲವಾದ್ದರಿಂದ ಧಾತುವಿನ ಅಕ್ಷರ ಎಂದು ಮೋಸಹೋಗುತ್ತೀರಿ. ಇನ್ನೊಂದು, ಕನ್ನಡ ಲಿಪಿ ನೋಡಿ ಬಿಡಿಸಲು ಹೋದರೆ ಇಕ್ತಾಅ, ಇಕ್ತಿತಾಅ ಎರಡರಲ್ಲೂ ತ ಒಂದೇ ಥರ ಕಾಣುತ್ತದೆ. ಇಕ್ತಾಅದ ತ ಧಾತುವಿನ ದಪ್ಪ ತ. ಇಕ್ತಿತಾಅದಲ್ಲಿ ಮೊದಲ ತ ಎಂಟನೆಯ ಅಚ್ಚು ತುರುಕಿದ ತೆಳು ತ, ಎರಡನೆಯದು ಧಾತುವಿನದು. ಮೂಲ ಲಿಪಿ ಇಲ್ಲದೆ ಇದನ್ನು ಹೇಳಲಾಗದು.

ಧಾತು ಸಿಕ್ಕಿದ ಮೇಲೂ ಯಾವ ನಿಘಂಟು ಎಂಬುದು ಮುಖ್ಯ. ಹಾನ್ಸ್ ವೇರ್ ನಿಘಂಟಿನಲ್ಲಿ ಧಾತುಗಳು ಅಕ್ಷರಕ್ರಮದಲ್ಲಿವೆ; ಧಾತುವಿನ ಕೆಳಗೆ ಅಚ್ಚುಗಳನ್ನು ರೋಮನ್ ಅಂಕಿಗಳಲ್ಲಿ ಕೊಟ್ಟಿದ್ದಾರೆ. ಅದು ಆಧುನಿಕ ಬರಹಕ್ಕೆ ಸರಿ. ಇಬ್ನ್ ಮನ್ಜೂರನ ಲಿಸಾನುಲ್ ಅರಬ್‌ನ ಹಳೆಯ ಜೋಡಣೆಯಲ್ಲಿ ಪದಗಳು ಧಾತುವಿನ ಕೊನೆಯ ಅಕ್ಷರದ ಪ್ರಕಾರ ನಿಂತಿವೆ. ಕ-ತ-ಅ ಬೇಕಿದ್ದರೆ ಐನ್ ಅಧ್ಯಾಯಕ್ಕೆ ಹೋಗಿ, ಅಲ್ಲಿ ಕಾಫ್ ವಿಭಾಗ ತೆಗೆಯಬೇಕು. ಪ್ರಾಸ ಹುಡುಕುವ ಕವಿಗೆ ಇದು ಅನುಕೂಲ. ಬೇರೆಯವರಿಗೆ ಮೊದಲ ದಿನ ತಲೆ ಕೆಡುತ್ತದೆ.

ಇನ್ನು ನಾಮಪದಗಳು. ‘ಕಿತ್ಅ’ ಎಂದರೆ ತುಂಡು, ಬಹುವಚನ ‘ಕಿತಅ’. ದುಬೈ, ದಮ್ಮಾಮ್, ಮಸ್ಕತ್ತಿನ ಗ್ಯಾರೇಜು ಬೀದಿಗಳಲ್ಲಿ ದುಡಿಯುವ ಮಂಗಳೂರು, ಭಟ್ಕಳದ ಜನ ದಿನಾ ನೋಡುವ ‘ಕಿತಅ ಗಿಯಾರ್’ ಫಲಕ ಇದೇ: ವಾಹನದ ಬಿಡಿಭಾಗ. ಕೊಲ್ಲಿಯ ಆಡುಮಾತಿನಲ್ಲಿ ಕಾಫ್ ‘ಗ’ ಆಗುವುದರಿಂದ ಕಿವಿಗೆ ‘ಗಿತಅ’ ಎಂದು ಬೀಳುತ್ತದೆ. ಕೈರೋದವರು ಅದೇ ಕಾಫನ್ನು ನುಂಗಿ ‘ಇತಅ’ ಎನ್ನುತ್ತಾರೆ. ಕೈರೋದಲ್ಲಿ ಚಿಲ್ಲರೆ ವ್ಯಾಪಾರಕ್ಕೂ ಈ ಧಾತುವೇ, ‘ಕತ್ತಾಈ’. ನಾವು ‘ಬಿಡಿಯಾಗಿ ಕೊಡಿ’ ಎನ್ನುವ ಹಾಗೆ. ‘ಕತೀಅ’ ಎಂದರೆ ದೊಡ್ಡ ಮಂದೆಯಿಂದ ಬೇರೆಯಾದ ಹಿಂಡು. ‘ಕಾತಿಅ’ ಹರಿತವಾದದ್ದು, ಹಾಗೆಯೇ ಮನೆಯ ಗೋಡೆಯಲ್ಲಿರುವ ಸರ್ಕ್ಯೂಟ್ ಬ್ರೇಕರ್. ‘ಕಿತಾಅ’ ಎಂದರೆ ವಲಯ: ಸರ್ಕಾರಿ ವಲಯ, ಖಾಸಗಿ ವಲಯ. ಗಾಜಾ ಪಟ್ಟಿಗೂ ಅರಬ್ಬಿಯಲ್ಲಿ ಕಿತಾಅ ಗಜ್ಜಾ ಎಂದು ಹೆಸರು. 1949ರ ಕದನವಿರಾಮದ ಗೆರೆ ಕಡಿದುಳಿಸಿದ ತುಂಡು ಅದು.

ರೇಖಾಗಣಿತದಲ್ಲಿ ಶಂಕುವನ್ನು ಕತ್ತರಿಸಿದಾಗ ಬರುವ ವಕ್ರರೇಖೆಗಳಿಗೂ ‘ಕತ್ಅ’ ಎಂದೇ ಹೆಸರು. ಒಂಬತ್ತನೆಯ ಶತಮಾನದ ಬಾಗ್ದಾದಿನಲ್ಲಿ ಅಪೊಲೋನಿಯಸ್‌ನ ಗ್ರೀಕ್ ಗ್ರಂಥ ಅರಬ್ಬಿಗೆ ಬಂದಾಗ ಪದಗಳು ಗಟ್ಟಿಯಾದವು. ನಮ್ಮ ದೀರ್ಘವೃತ್ತ ಅಲ್ಲಿ ‘ಕತ್ಅ ನಾಕಿಸ್’, ಕೊರತೆಯ ಕಡಿತ. ಅತಿಪರವಲಯ ‘ಕತ್ಅ ಜಾಯಿದ್’, ಹೆಚ್ಚಿನ ಕಡಿತ. ಗ್ರೀಕ್ ಹೆಸರುಗಳ ಅರ್ಥವನ್ನು ಹಾಗೆಯೇ ಇಳಿಸಿಕೊಂಡಿದ್ದಾರೆ. ಉರ್ದುವಿನಲ್ಲಿ ನಾಕಿಸ್ ಎಂದರೆ ಕಳಪೆ, ಜಾಯಿದ್ ಮತ್ತು ನಮ್ಮ ಕಚೇರಿಗಳ ‘ಜಾಸ್ತಿ’ ಒಂದೇ ಧಾತುವಿನವು. ಕಳಪೆ ಕಡಿತ, ಜಾಸ್ತಿ ಕಡಿತ!

ಕಡಿಯುವ ಸ್ಥಳವನ್ನು ಹೇಳುವ ಅಚ್ಚು ‘ಮಕ್ತಅ’. ಮಾತನ್ನು ಕಡಿದರೆ ಸಿಗುವ ಅಕ್ಷರಗಣವೂ ಮಕ್ತಅ, ಫೋನಿನಲ್ಲಿ ಹರಿದಾಡುವ ವಿಡಿಯೋ ತುಣುಕೂ ಮಕ್ತಅ. ಕನ್ನಡದಲ್ಲಿ ಗಜಲ್ ಬರೆಯುವವರು ಬಳಸುವ ಮಕ್ತಾ ಇದೇ. ಮೊದಲ ದ್ವಿಪದಿ ಮತ್ಲಾ, ಉದಯಸ್ಥಾನ. ಕೊನೆಯದು ಮಕ್ತಾ, ಕಡಿದು ನಿಲ್ಲಿಸುವ ಸ್ಥಾನ. ಅಲ್ಲಿ ಕವಿ ತನ್ನ ಅಂಕಿತ ಇಡುತ್ತಾನೆ. ವಿಜಯಪುರದ ಎರಡನೆಯ ಅಲಿ ಆದಿಲ್‌ಶಾಹ ದಖನಿಯಲ್ಲಿ ಬರೆದಾಗ ಇಟ್ಟುಕೊಂಡ ಅಂಕಿತ ‘ಶಾಹಿ’.

ಇನ್ನೊಂದು ಮಕ್ತಾ ಕಂದಾಯ ದಫ್ತರದಲ್ಲಿದೆ. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ನಿಗದಿತ ಮೊತ್ತಕ್ಕೆ ಬಿಟ್ಟುಕೊಟ್ಟ ಜಮೀನು ಅಥವಾ ಹಳ್ಳಿಗೆ ಮಕ್ತಾ ಎನ್ನುತ್ತಿದ್ದರು. ಬೆಳೆ ಹೆಚ್ಚಾದರೂ ಕಡಿಮೆಯಾದರೂ ಮೊತ್ತ ಇಷ್ಟೇ ಎಂದು ಕಡಿದು ಹೇಳಿದ್ದು. ಉತ್ತರ ಕರ್ನಾಟಕದ ಮಾತಿನಲ್ಲಿ ಮಕ್ತೆ ಎಂದರೆ ಗುತ್ತಿಗೆ, ಮಕ್ತೆದಾರ ಎಂದರೆ ಗುತ್ತಿಗೆದಾರ. ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳಿಗೂ ಅನ್ವಯವಾದ ಜಾಗೀರು ರದ್ದತಿ ಶಾಸನ ಬಂದದ್ದು 1949ರಲ್ಲಿ. ಜಾಗೀರು ಎಂಬುದರೊಳಗೆ ಪಾಯಗಾ, ಸಂಸ್ಥಾನ, ಅಗ್ರಹಾರ, ಮಕ್ತಾ ಎಲ್ಲವನ್ನೂ ಅದು ಸೇರಿಸಿತು. ಆ ಶಾಸನದ ಅಧಿಕೃತ ವರ್ಷ ಮಾತ್ರ 1949 ಅಲ್ಲ, ಕಂದಾಯದ ವರ್ಷಗಣನೆಯ 1358 ಫಸಲಿ.

ಫಸಲಿ ಎಂದೊಡನೆ ನಾವು ನೆರೆಮನೆಗೆ ಬಂದೆವು. ಫ-ಸ-ಲ ಧಾತುವಿಗೆ ಇಬ್ನ್ ಫಾರಿಸ್ ಕೊಡುವ ಅರ್ಥ, ಒಂದನ್ನು ಇನ್ನೊಂದರಿಂದ ಗುರುತಿಸಿ ಬೇರ್ಪಡಿಸುವುದು. ಕ-ತ-ಅದಲ್ಲಿ ಕತ್ತಿ ಇದೆ. ಇದರಲ್ಲಿ ಎರಡರ ನಡುವಿನ ಸಂದಿ ಇದೆ. ಮೂಳೆಯ ಕೀಲು ‘ಮಫ್ಸಿಲ್’, ವಾಕ್ಯದ ಅಲ್ಪವಿರಾಮ ‘ಫಾಸಿಲ’, ತಾಯಿಯ ಹಾಲು ಬಿಡಿಸುವುದು ‘ಫಿಸಾಲ್’, ಹಾಲು ಬಿಟ್ಟ ಒಂಟೆಮರಿ ‘ಫಸೀಲ್’. ‘ಫಸ್ಲ್’ ಎಂದರೆ ಅಧ್ಯಾಯ, ಋತು, ಶಾಲೆಯ ತರಗತಿ. ಬೆಳೆ ಎಂಬ ಅರ್ಥ ಅರಬ್ಬಿಯಲ್ಲಿ ಇಲ್ಲ. ಋತು ಎಂಬ ಅರ್ಥ ಪಾರಸಿಯ ಮೂಲಕ ಇಂಡಿಯಾಕ್ಕೆ ಬಂದು, ಋತುವಿನ ಕೊಯ್ಲು ಎಂದಾಗಿ, ನಮ್ಮ ಬಾಯಲ್ಲಿ ‘ಈ ಸಲ ಫಸಲು ಚೆನ್ನಾಗಿದೆ’ ಎಂದು ನಿಂತಿತು. ಮಸ್ಕತ್ತಿನಲ್ಲಿ ಫಸ್ಲ್ ಚೆನ್ನಾಗಿದೆ ಎಂದರೆ ಹವಾಮಾನವನ್ನೋ ಶಾಲೆಯನ್ನೋ ಹೊಗಳಿದಂತೆ.

ಫಸಲಿ ವರ್ಷದ ಲೆಕ್ಕ ಹಳೆಯ ದಾಖಲೆ ಓದುವವರಿಗೆ ಬೇಕೇಬೇಕು. ಹಿಜರಿ ಚಾಂದ್ರಮಾನ ವರ್ಷಕ್ಕೆ ಸುಮಾರು 354 ದಿನ. ವರ್ಷಕ್ಕೆ 11 ದಿನ ಹಿಂದೆ ಸರಿಯುತ್ತ 33 ವರ್ಷಕ್ಕೆ ಒಂದು ಇಡೀ ವರ್ಷ ವ್ಯತ್ಯಾಸ ಬೀಳುತ್ತದೆ. ಹಿಜರಿ ತಿಂಗಳಿಗೆ ಕಂದಾಯ ಕಟ್ಟಿ ಎಂದರೆ ಕೆಲವು ವರ್ಷಗಳಲ್ಲಿ ಪೈರು ಹೊಲದಲ್ಲಿರುವಾಗಲೇ ಅಮಲ್ದಾರ ಬಾಗಿಲಿಗೆ ಬರುತ್ತಾನೆ. ಆದ್ದರಿಂದ ಅಕ್ಬರನ ಕಾಲದಲ್ಲಿ ಕೊಯ್ಲಿಗೆ ಹೊಂದುವ ಸೌರವರ್ಷ ಬಂತು. ದಖನ್ನಿನಲ್ಲಿ ಶಹಜಹಾನನ ಕಾಲಕ್ಕೆ, 1636ರಲ್ಲಿ, ಆಗ ನಡೆಯುತ್ತಿದ್ದ ಹಿಜರಿ 1046ನ್ನೇ ಫಸಲಿ 1046 ಎಂದು ಇಟ್ಟುಕೊಂಡು ಅಲ್ಲಿಂದ ಸೌರಮಾನದಲ್ಲಿ ಎಣಿಸಿದರು. 1636ರಲ್ಲಿ 1046 ಕಳೆದರೆ 590. ಈ ಕಡೆಯ ಫಸಲಿಗೆ 590 ಕೂಡಿಸಿದರೆ ಆ ವರ್ಷ ಶುರುವಾದ ಇಸವಿ ಸಿಗುತ್ತದೆ: ಫಸಲಿ 1358 ಎಂದರೆ 1948-49. ಜಾಗೀರು ಶಾಸನದ ಲೆಕ್ಕ ಈಗ ಹೊಂದಿತು. ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ ಫಸಲಿ ವರ್ಷ ಜುಲೈ 1ಕ್ಕೆ ಶುರು. 1953ರವರೆಗೆ ಅಲ್ಲಿದ್ದ ಬಳ್ಳಾರಿ, 1956ರವರೆಗೆ ಅಲ್ಲಿದ್ದ ದಕ್ಷಿಣ ಕನ್ನಡದ ದಾಖಲೆಗಳಿಗೆ ಈ ದಿನಾಂಕ ಹಿಡಿಯಬೇಕು. ಬರೀ 590 ಕೂಡಿಸಿ ಬಿಟ್ಟರೆ ಜನವರಿಯಿಂದ ಜೂನ್‌ವರೆಗಿನ ಪತ್ರಗಳಿಗೆಲ್ಲ ಒಂದು ವರ್ಷ ಕಡಿಮೆ ಬರುತ್ತದೆ. ಉತ್ತರದ ಫಸಲಿಗೆ 590 ನಡೆಯುವುದಿಲ್ಲ, ಅಲ್ಲಿಯ ವ್ಯತ್ಯಾಸ ಬೇರೆ.

ಕ್ರಯಪತ್ರದ ಕೊನೆಯಲ್ಲಿ ಬರುವ ‘ತಪಶೀಲು’ ಅರಬ್ಬಿಯ ‘ತಫ್ಸೀಲ್’, ಎರಡನೆಯ ಅಚ್ಚು: ಬಿಡಿಸಿ ಬಿಡಿಸಿ ಹೇಳಿದ್ದು. ಸರ್ವೆ ನಂಬರು, ವಿಸ್ತೀರ್ಣ, ನಾಲ್ಕೂ ದಿಕ್ಕಿನ ಚೆಕ್ಕುಬಂದಿ ಅಲ್ಲಿ ಬೇರೆ ಬೇರೆ ನಿಲ್ಲುತ್ತವೆ. ಕೊಲ್ಲಿಯ ದರ್ಜಿ ಅಂಗಡಿಯ ಮೇಲೂ ಇದೇ ತಫ್ಸೀಲ್ ಇರುತ್ತದೆ; ಅಲ್ಲಿ ಅಳತೆ ತೆಗೆದು ಬಟ್ಟೆ ಕತ್ತರಿಸಿ ಹೊಲಿದುಕೊಡುವುದು ಎಂದರ್ಥ. ಇದೇ ಅಚ್ಚಿನ ‘ಮುಫಸ್ಸಲ್’ ನಮ್ಮ ಮೊಫಸಿಲ್ ಆಯಿತು, ಸದರು ಊರಿನಿಂದ ಬೇರೆಯಾಗಿ ವಿಂಗಡಿಸಿದ ಒಳನಾಡು. ವ್ಯಾಜ್ಯ ‘ಫೈಸಲು’ ಆಯಿತು ಎನ್ನುವಾಗ ಇರುವುದು ‘ಫೈಸಲ್’: ಸರಿತಪ್ಪುಗಳ ನಡುವೆ ಗೆರೆ ಕೊರೆಯುವವನು, ಅಂಥ ತೀರ್ಪು, ಕತ್ತಿಗೂ ಅದೇ ಹೆಸರು.

ಬಿಟ್ಟಿದ್ದ ಒಂದು ಎಳೆಗೆ ಬರುತ್ತೇನೆ. ಎರಡನೆಯ ಅಚ್ಚಿನ ‘ತಕ್ತೀಅ’ ಛಂದಸ್ಸಿನ ಪದ: ಪದ್ಯವನ್ನು ಗಣಗಳಾಗಿ ಕಡಿಯುವುದು, ನಾವು ಪ್ರಸ್ತಾರ ಹಾಕುತ್ತೇವಲ್ಲ, ಅದು. ಎಂಟನೆಯ ಶತಮಾನದ ಬಸ್ರಾದ ಖಲೀಲ್ ಬಿನ್ ಅಹ್ಮದ್ ಇದರ ಶಾಸ್ತ್ರ ಕಟ್ಟಿದವನು. ನಿಯಮ ಒಂದೇ: ಕಿವಿಗೆ ಕೇಳಿದ್ದು ಲೆಕ್ಕಕ್ಕೆ, ಬರೆದದ್ದು ಲೆಕ್ಕಕ್ಕಿಲ್ಲ. ‘ಫೀ ಅಲ್-ಬೈತಿ’ (ಮನೆಯಲ್ಲಿ) ಎಂದು ಬರೆದದ್ದು ‘ಫಿಲ್-ಬೈತಿ’ ಎಂದು ಕೇಳುತ್ತದೆ. ಫಿಲ್ ಗುರು, ಬೈ ಗುರು, ತಿ ಲಘು: ನಮ್ಮ ತಗಣ. ಬರೆಯದ ಕೊನೆಯ ನಕಾರ (ತನ್ವೀನ್) ಲೆಕ್ಕಕ್ಕೆ ಬರುತ್ತದೆ, ದ್ವಿತ್ವ ಎರಡು ವ್ಯಂಜನ ಎಂದು ಎಣಿಕೆಯಾಗುತ್ತದೆ. ಕಡಿಯುವ ಗೆರೆ ಪದದ ನಡುವೆ ಬಿದ್ದರೂ ಅಂಜಬೇಕಿಲ್ಲ. ಹೊಸಬರು ಪದದ ಗಡಿಯಲ್ಲೇ ಕಡಿಯಲು ಹೋಗಿ ಮೂರನೆಯ ಗಣಕ್ಕೇ ಸಿಕ್ಕಿಬೀಳುತ್ತಾರೆ. ಮುತಕಾರಿಬ್ ಎಂಬ ಛಂದಸ್ಸಿನ ಗಣ ‘ಫಊಲುನ್’: ಲಘು ಗುರು ಗುರು, ನಮ್ಮ ಯಗಣ. ಪೂರ್ಣ ಮುತಕಾರಿಬ್‌ನ ಅರ್ಧಸಾಲಿಗೆ ನಾಲ್ಕು ಫಊಲುನ್. ನಾಲ್ಕು ಯಗಣದ ವೃತ್ತ ನಮಗೆ ಭುಜಂಗಪ್ರಯಾತ. ಬಾಯಲ್ಲಿ ಹೇಳಿಕೊಂಡರೆ ಎರಡರ ಓಟವೂ ಒಂದೇ.

ಹಮ್ಜಾದಲ್ಲೂ ಒಂದು ‘ಕಡಿತ’ವಿದೆ: ‘ಹಮ್ಜತುಲ್ ಕತ್ಅ’, ಹಿಂದಿನ ಪದ ಏನೇ ಇರಲಿ ಕಡಿದು ನುಡಿಯಬೇಕಾದದ್ದು. ಅದರ ಎದುರಿನದು ‘ಹಮ್ಜತುಲ್ ವಸ್ಲ್’, ಹಿಂದಿನದಕ್ಕೆ ಬೆಸೆದು ಮಾಯವಾಗುವುದು. ನಾಲ್ಕನೆಯ ಅಚ್ಚಿಗೆ ಕತ್ಅ. ಏಳು, ಎಂಟು, ಹತ್ತಕ್ಕೆ ವಸ್ಲ್. ಪ್ರಸ್ತಾರ ತಪ್ಪುವುದು ಹೆಚ್ಚಾಗಿ ಇಲ್ಲೇ.

ಕೊನೆಗೆ ಇದೇ ಕುಟುಂಬದ ಪುಟ್ಟ ಪದ ‘ಕತ್ತ್’. ಕಾಫ್, ದಪ್ಪ ತ, ಮತ್ತೊಂದು ದಪ್ಪ ತ. ಕಾಫ್-ತ ಜೋಡಿಯಿಂದ ಶುರುವಾಗುವ ಹಲವು ಧಾತುಗಳಲ್ಲಿ ಕಡಿತ ಕಾಣುತ್ತದೆ: ‘ಕತಫ’ ಹಣ್ಣು ಕಿತ್ತ, ‘ಕತಮ’ ಕಚ್ಚಿ ತುಂಡರಿಸಿದ. 1002ರಲ್ಲಿ ತೀರಿಕೊಂಡ ವೈಯಾಕರಣ ಇಬ್ನ್ ಜಿನ್ನೀ ಕತ್ತ್ ಜೊತೆಗೆ ‘ಕದ್ದ್’ ಇಟ್ಟು ತೋರಿಸುತ್ತಾನೆ. ಕದ್ದ್ ಎಂದರೆ ಉದ್ದಕ್ಕೆ ಸೀಳುವುದು, ಕತ್ತ್ ಎಂದರೆ ಅಡ್ಡಕ್ಕೆ ಕಡಿಯುವುದು. ದಪ್ಪ ತ ಉಸಿರನ್ನು ದಕಾರಕ್ಕಿಂತ ಬೇಗ ತಡೆಯುತ್ತದೆ, ಅಡ್ಡ ಏಟೂ ಹಾಗೆಯೇ ತಟ್ಟನೆ ಮುಗಿಯುತ್ತದೆ ಎಂದು ಅವನ ವಾದ. ಒಂದೆರಡು ಜೋಡಿಗೆ ಇದು ಸೊಗಸು. ಇಡೀ ನಿಘಂಟಿಗೆ ಹಚ್ಚಲು ಹೋದರೆ ಎಳೆದಾಡಬೇಕಾಗುತ್ತದೆ.

ಎರಡು ಏಟುಗಳೂ ಒಟ್ಟಿಗೆ ಸಿಗುವುದು ಬಿದಿರು ಜಾತಿಯ ಲೇಖಣಿ ಹೆರೆಯುವಾಗ. ಮೊದಲು ತುದಿಯನ್ನು ಓರೆಯಾಗಿ ಹೆರೆದು ಚಪ್ಪಟೆ ಮಾಡಬೇಕು. ಆಮೇಲೆ ಮಸಿ ಇಳಿಯಲು ಉದ್ದಕ್ಕೆ ಸಣ್ಣ ಸೀಳು. ಕಡೆಗೆ ಲೇಖಣಿಯನ್ನು ‘ಮಿಕತ್ತ’ ಎಂಬ ಮೂಳೆಯ ಅಥವಾ ದಂತದ ಪಟ್ಟಿಯ ಮೇಲೆ ಒರಗಿಸಿ, ಚಾಕು ಇಟ್ಟು, ಒಂದೇ ಒತ್ತಿಗೆ ಅಡ್ಡ ಕಡಿಯಬೇಕು, ಅದು ಕತ್ತ್. ಎರಡು ಸಲ ಒತ್ತಿದರೆ ಅಂಚು ಚಿಬ್ಬಾಗಿ ಗೆರೆ ಒಡೆಯುತ್ತದೆ. ಈ ಅಡ್ಡ ಕಡಿತದ ಓರೆ ಎಷ್ಟಿರಬೇಕು ಎಂಬುದು ಬರೆಯುವ ಲಿಪಿಶೈಲಿಗೆ ತಕ್ಕಂತೆ ಬದಲಾಗುತ್ತದೆ.

ಹೆರೆದದ್ದರಿಂದಲೇ ಅದಕ್ಕೆ ‘ಕಲಮ್’ ಎಂಬ ಹೆಸರು, ಉಗುರು ಕತ್ತರಿಸುವುದಕ್ಕೂ ಅದೇ ಧಾತು ಎಂದು ಅರಬ್ಬಿ ನಿಘಂಟುಕಾರರು ಹೇಳುತ್ತಾರೆ. ಇಂದಿನ ವಿದ್ವಾಂಸರು ಅದನ್ನು ಗ್ರೀಕಿನ ‘ಕಾಲಮೋಸ್’, ಜೊಂಡು, ಎಂಬುದರಿಂದ ಬಂದ ಎರವಲು ಎನ್ನುತ್ತಾರೆ, ಅದೇ ಸರಿ. ನಮ್ಮ ಕಾನೂನಿನ ಕಲಂ ಕೂಡ ಅದೇ ಲೇಖಣಿ. ನಿಷೇಧಾಜ್ಞೆಯ ಕಲಂ 144ನ್ನು 2024ರ ಜುಲೈ 1ರಿಂದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163 ಎಂದು ಓದಬೇಕು.